ಒಬ್ಬರ ಕೈಯಲ್ಲಿ ಎಷ್ಟು ಹಳೇ ಕಾರು ಪ್ರಾಜೆಕ್ಟ್ ನಿಭಾಯಿಸಬಹುದು?

ಹಳೇಗೇರು
ಒಂದು ಲೆಕ್ಕ ಬಗೆಹರಿಸಿಕೊಡಿ. ಕೆಲಸ ಮಾಡೋದು ಒಬ್ಬನೇ. ವಾರಕ್ಕೆ ಹೆಚ್ಚೆಂದರೆ ಒಂಬತ್ತು ಗಂಟೆ ಸಿಗುತ್ತೆ. ಸೂರಿನಡಿ ಜಾಗ 6 ಮೀಟರ್‌ಗೆ 6 ಮೀಟರ್. ಅದರಲ್ಲಿ ಓಡುವ ಸ್ಥಿತಿಯ ಫೋಕ್ಸ್‌ವ್ಯಾಗನ್ ಬೀಟಲ್ ಒಂದು, ಪೂರ್ತಿ ಬಿಚ್ಚಿ ಹಾಕಿದ ಮೋರಿಸ್ ಮೈನರ್ 1000 ಒಂದು. ಈಗ ಫಿಯೆಟ್ 1100 ಒಂದು ಸಿಗೋ ಹಾಗಿದೆ. ಎಂಜಿನ್ ಜಾಮ್, ಬಾಡಿ ಮೇಲ್ನೋಟಕ್ಕೆ ಪರವಾಗಿಲ್ಲ, ಗಾಜು-ಬೀಡಿಂಗ್ ಎಲ್ಲ ಇದೆ.

"ಮೂರು ಜಾಸ್ತಿ ಆಯ್ತು" ಅನ್ನೋ ಬುದ್ಧಿಮಾತು ಬೇಡ, ಅದು ಮನೆಯಲ್ಲೇ ಧಾರಾಳವಾಗಿ ಸಿಗುತ್ತೆ. ಗಂಟೆ, ಜಾಗ, ಬಿಡಿಭಾಗ, ಇದರಲ್ಲಿ ಯಾವುದು ಮೊದಲು ಕೈ ಕೊಡುತ್ತೆ ಅಂತ ಹೇಳಿ.

ಪಾನಾಪೆಟ್ಟಿಗೆ
ಬಿಚ್ಚಿದ್ದು ಒಂದು, ಜೋಡಿಸಿದ್ದು ಸೊನ್ನೆ. ಉತ್ತರ ಪ್ರಶ್ನೆಯಲ್ಲೇ ಇದೆ ಗುರುಗಳೇ.

ಟಾರ್ಕ್‌ರೆಂಚ್
ಮೊದಲು ಕೈ ಕೊಡೋದು ಗಂಟೆ. ವಾರಕ್ಕೆ 9 ಅಂದ್ರಿ. ಜ್ವರ, ನೆಂಟರು, ಊರು ತಿರುಗೋದು ಎಲ್ಲ ಕಳೆದು ವರ್ಷಕ್ಕೆ 45 ವಾರ ಹಿಡಿಯಿರಿ: 405 ಗಂಟೆ. ಅದರಲ್ಲಿ ಬೀಟಲ್ ತನ್ನ ಪಾಲನ್ನ ಮೊದಲೇ ಕಿತ್ತುಕೊಳ್ಳುತ್ತೆ. 5000 ಕಿ.ಮೀ.ಗೊಮ್ಮೆ ಟ್ಯಾಪೆಟ್, ಅಂದರೆ ವಾಲ್ವ್ ಸಂದು, ಹೊಂದಿಸಬೇಕು (ಎಂಜಿನ್ ತಣ್ಣಗಿದ್ದಾಗ ಸಾಮಾನ್ಯವಾಗಿ 0.15 ಮಿ.ಮೀ.), ಅದರ ಜೊತೆಗೇ ಎರಡೂವರೆ ಲೀಟರ್ ಆಯಿಲ್ ಬದಲಿಸಬೇಕು. ಕಾಗದದ ಫಿಲ್ಟರ್ ಇಲ್ಲ, ಬರೀ ಜಾಲರಿ, ಅದನ್ನ ಬಿಚ್ಚಿ ತೊಳೀಬೇಕು. ಪಾಯಿಂಟ್, ಟೈಮಿಂಗ್, ಪೆಟ್ರೋಲ್ ಪೈಪ್ ಪರೀಕ್ಷೆ, ಎರಡು ವರ್ಷಕ್ಕೊಮ್ಮೆ ಬ್ರೇಕ್ ಫ್ಲೂಯಿಡ್. ಒಂದೊಂದೂ ಸಣ್ಣದೇ. ಒಟ್ಟು ಹಾಕಿದರೆ ವರ್ಷಕ್ಕೆ 40-45 ಗಂಟೆ. ಅಂದರೆ ಮೈನರ್‌ಗೆ ಉಳಿಯೋದು 360.

ಪೂರ್ತಿ ಬಿಚ್ಚಿದ ಯೂನಿಬಾಡಿ (ಬೇರೆ ಚಾಸಿ ಇಲ್ಲದ) ಕಾರನ್ನ ಬೆಸುಗೆ, ಬಣ್ಣ, ಎಂಜಿನ್, ವೈರಿಂಗ್, ಸೀಟು ಎಲ್ಲ ಮುಗಿಸಿ ರಸ್ತೆಗೆ ತರೋಕೆ 1000 ಗಂಟೆ ದಾಟದೇ ಇದ್ದರೆ ಅದೃಷ್ಟ. ಹತ್ತಿರಹತ್ತಿರ ಮೂರು ವರ್ಷ ಆಯ್ತು. ಫಿಯೆಟ್ ಬಂದು ಸುಮ್ಮನೆ ನಿಂತರೂ ವರ್ಷಕ್ಕೆ 15-20 ಗಂಟೆ ತಿನ್ನುತ್ತೆ: ಅತ್ತ ಸರಿಸೋದು, ಇತ್ತ ಸರಿಸೋದು, ಇಲಿ ಗೂಡು ತೆಗೆಯೋದು, ಟೈರಿಗೆ ಗಾಳಿ.

ಇನ್ನೊಂದು ಯಾರೂ ಲೆಕ್ಕಕ್ಕೆ ಹಿಡಿಯದ ನಷ್ಟ ಇದೆ. ಮೂರು ಗಂಟೆಯ ಒಂದು ಪಾಳಿಯಲ್ಲಿ ಮೊದಲ ಅರ್ಧ ಗಂಟೆ ಎಲ್ಲಿ ಬಿಟ್ಟಿದ್ದೆ ಅಂತ ನೆನೆಸಿಕೊಳ್ಳೋಕೆ, ಕೊನೆಯ ಇಪ್ಪತ್ತು ನಿಮಿಷ ಸಾಮಾನು ಎತ್ತಿಡೋಕೆ. ಈ ವಾರ ಒಂದು ಕಾರು, ಮುಂದಿನ ವಾರ ಇನ್ನೊಂದು ಅಂತ ಶುರು ಮಾಡಿದರೆ ಆ ಅರ್ಧ ಗಂಟೆ ಒಂದು ಗಂಟೆ ಆಗುತ್ತೆ. ಇಂಥ ಆರಂಭಶೂರತ್ವದಿಂದಲೇ ಅರ್ಧ ಕಾರುಗಳು ಗುಜರಿಗೆ ಹೋಗಿರೋದು.

ಅರ್ಧಕ್ಲಚ್
1000 ಗಂಟೆ ಅಂತ ಹೇಳಿ ಜನರನ್ನ ಹೆದರಿಸಬೇಡಿ. ಅದು ಪ್ರದರ್ಶನಕ್ಕೆ ನಿಲ್ಲಿಸೋ ಮಟ್ಟದ ಕೆಲಸ. ಬ್ರೇಕ್, ಸ್ಟೀರಿಂಗ್, ಟೈರ್, ಪೆಟ್ರೋಲ್ ಪೈಪ್, ಸೋರಿಕೆ ಇಷ್ಟು ಸರಿ ಮಾಡಿ ಓಡಿಸೋಕೆ 200-300 ಗಂಟೆ ಸಾಕು. ಬಣ್ಣ ಆಮೇಲೆ ನೋಡಿಕೊಂಡರಾಯ್ತು.

ಟಾರ್ಕ್‌ರೆಂಚ್
@ಅರ್ಧಕ್ಲಚ್ ಬಿಚ್ಚದೇ ಇರೋ ಕಾರಿಗೆ ನಿಮ್ಮ ಲೆಕ್ಕ ಸರಿ. ಮೈನರ್ ಆಗಲೇ ಚೂರುಚೂರಾಗಿದೆಯಲ್ಲ ಸ್ವಾಮಿ. ಜೋಡಿಸೋಕೆ ಬಿಚ್ಚಿದ್ದರ ಮೂರು ಪಟ್ಟು ಹೊತ್ತು ಹಿಡಿಯುತ್ತೆ.

ತುಕ್ಕುವೈದ್ಯ
ಫಿಯೆಟ್ ಬಿಡಿ, ಮೈನರ್ ಸ್ಥಿತಿ ಏನು? ಬರಿ ಪ್ರೈಮರ್ ಹೊಡೆದು ನಿಲ್ಲಿಸಿದ್ದೀರಾ?

ಹಳೇಗೇರು
ಹೌದು. ಬಾಡಿಯ ಹಳೇ ಬಣ್ಣ ಕೆರೆದು ಬೂದು ಪ್ರೈಮರ್ ಹೊಡೆದಿದೆ. ಸಿಲ್ (ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆಯಂಥ ಭಾಗ) ಇನ್ನೂ ಕತ್ತರಿಸಿಲ್ಲ.

ತುಕ್ಕುವೈದ್ಯ
ಹಾಗಿದ್ದರೆ ಗಡಿಯಾರ ಓಡ್ತಾ ಇದೆ ಅಂತ ತಿಳ್ಕೊಳ್ಳಿ. ಸಾಮಾನ್ಯ ಬೂದು ಪ್ರೈಮರ್ ನೀರು ತಡೆಯಲ್ಲ, ಬದಲಿಗೆ ಹೀರುತ್ತೆ. ಅದರ ಕೆಲಸ ಮೇಲಿನ ಬಣ್ಣಕ್ಕೆ ಹಿಡಿತ ಕೊಡೋದು. ತೇವದ ಗಾಳಿಯಲ್ಲಿ ಕೆಲವು ತಿಂಗಳು ಬಿಟ್ಟರೆ ಅದರಡಿಯಲ್ಲೇ ಸಣ್ಣ ಕಂದು ಚುಕ್ಕೆ ಶುರುವಾಗುತ್ತೆ, ಆಮೇಲೆ ಮತ್ತೆ ಬರಿ ಲೋಹದವರೆಗೆ ಕೆರೀಬೇಕು. ಬಹಳ ದಿನ ನಿಲ್ಲಿಸೋದಾದರೆ ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್ ಬೇಕು, ಅದು ನಿಜವಾಗಿ ಮುಚ್ಚುತ್ತೆ.

ಈಗ ಸಿಲ್ ವಿಚಾರ. ಮೈನರ್ ಯೂನಿಬಾಡಿ, ಬೇರೆ ಚಾಸಿ ಇಲ್ಲ. ಸಿಲ್ಲೇ ಬೆನ್ನುಮೂಳೆ. ಹಾಗೇ ಕತ್ತರಿಸಿದರೆ ಬಾಡಿ ನಡುವಲ್ಲಿ ಕುಸಿದು, ಬಾಗಿಲು ಮತ್ತೆ ಕೂರಲ್ಲ. ಮೊದಲು ಬಾಗಿಲ ಬಾಯಿಗೆ ಚೌಕ ಪೈಪಿನಿಂದ ಅಡ್ಡಕ್ಕೂ ಕರ್ಣಕ್ಕೂ ಬೆಸುಗೆ ಹಾಕಿ ಬಿಗಿ ಮಾಡಿ. ಎರಡೂ ಕರ್ಣದ ಅಳತೆ ಗೋಡೆ ಮೇಲೆ ಬರೆದಿಡಿ. ಒಂದು ಬದಿ ಪೂರ್ತಿ ಮುಗಿಸಿ, ಅಳತೆ ನೋಡಿ, ಆಮೇಲೆ ಇನ್ನೊಂದು ಬದಿಗೆ ಕೈ ಹಾಕಿ. ಎರಡೂ ಬದಿ ಒಟ್ಟಿಗೆ ಯಾವತ್ತೂ ಕತ್ತರಿಸಬೇಡಿ. ಮಿಗ್ ಬೆಸುಗೆ ಆದರೆ 0.6 ಮಿ.ಮೀ. ತಂತಿ, 20-25 ಮಿ.ಮೀ. ತುಂಡುತುಂಡಾಗಿ, ಒಂದು ಜಾಗ ಬಿಟ್ಟು ಇನ್ನೊಂದು ಜಾಗಕ್ಕೆ. ಒಂದೇ ಎಳೆಯಲ್ಲಿ ಎಳೆದರೆ ತಗಡು ಅಲೆಅಲೆಯಾಗುತ್ತೆ. ಬಣ್ಣ ಆದಮೇಲೆ ಸಿಲ್ ಒಳಗೆ ಮೇಣ ಚಿಮ್ಮಿಸದಿದ್ದರೆ ಈ ಎಲ್ಲ ಶ್ರಮ ನೀರಲ್ಲಿ ಹೋಮ.

ಇದೆಲ್ಲ ಆಗುವಷ್ಟು ದಿನ ಆ ಬಾಡಿ ಜಾಗ ಬಿಟ್ಟು ಕದಲಬಾರದು. ಅದಕ್ಕೇ ಕೇಳಿದೆ. ಮೂರನೇ ಕಾರು ಒಳಗೆ ಬಂದರೆ ಪ್ರತಿ ವಾರ ಇದನ್ನ ತಳ್ಳಬೇಕಾಗುತ್ತೆ.

ಚೋಕ್‌ಎಳೆದವ
ಜಾಗದ ಲೆಕ್ಕ ನಾನು ಮಾಡ್ತೀನಿ. 6x6 ಅಂದರೆ 36 ಚದರ ಮೀಟರ್. ಮೈನರ್ ಉದ್ದ ಸುಮಾರು 3.76, ಅಗಲ 1.55. ಕೆಲಸ ಮಾಡೋಕೆ ಸುತ್ತಲೂ ಒಂದು ಮೀಟರ್ ಬಿಟ್ಟರೆ 5.76 x 3.55, ಅಂದರೆ 20.4. ಬೀಟಲ್ 4.07 x 1.54, ಓಡೋ ಕಾರು ಆದ್ದರಿಂದ ಅರ್ಧ ಮೀಟರ್ ಸಾಕು: 5.07 x 2.54, 12.9. ಕೂಡಿದರೆ 33.3. ಅಕ್ಕಪಕ್ಕ ಅಗಲ 3.55 + 2.54 = 6.09, ಗೋಡೆಗೆ ಆಗಲೇ ಒಂಬತ್ತು ಸೆಂಟಿಮೀಟರ್ ಹೊರಗೆ! ಉಳಿದ ಎರಡೂಮುಕ್ಕಾಲು ಚದರ ಮೀಟರ್‌ನಲ್ಲಿ ಮೈನರ್‌ನ ಬಾಗಿಲು, ಬಾನೆಟ್, ಮಡ್‌ಗಾರ್ಡ್, ಸೀಟು, ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲ ಕೂರಬೇಕು. ಫಿಯೆಟ್ ಎಲ್ಲಿಡ್ತೀರಿ, ತಲೆ ಮೇಲಾ?

ಹಳೇಗೇರು
ಹೊರಗೆ, ಟಾರ್ಪಾಲ್ ಮುಚ್ಚಿ ಅಂತ ಅಂದಾಜಿತ್ತು.

ತುಕ್ಕುವೈದ್ಯ
ಟಾರ್ಪಾಲ್!! ಅಯ್ಯೋ ದೇವರೇ. ನೆಲದ ತೇವ ಆವಿಯಾಗಿ ಮೇಲೆ ಬರುತ್ತೆ, ಪ್ಲಾಸ್ಟಿಕ್ ಅಡಿ ಹನಿಗಟ್ಟಿ ಬಾಡಿ ಮೇಲೇ ಬೀಳುತ್ತೆ. ಗಾಳಿಗೆ ಅಲ್ಲಾಡಿ ಬಣ್ಣಾನೂ ಉಜ್ಜುತ್ತೆ. ಬಿಸಿಲು-ಮಳೆಗೆ ಬಿಟ್ಟದ್ದಕ್ಕಿಂತ ಕೆಲವು ಸಲ ಟಾರ್ಪಾಲ್ ಅಡಿ ಇಟ್ಟದ್ದೇ ಬೇಗ ಕೊಳೆಯುತ್ತೆ. ನಾಲ್ಕು ಕಂಬ ನೆಟ್ಟು ಮೇಲೆ ಶೀಟು ಹಾಕಿ, ಸುತ್ತ ಗಾಳಿ ಆಡಲಿ. ಅದಾಗದಿದ್ದರೆ ಕಾರು ತರಬೇಡಿ.

ಪಾನಾಪೆಟ್ಟಿಗೆ
ಪಾನಾ ಲೆಕ್ಕ ಯಾರೂ ಎತ್ತಲೇ ಇಲ್ಲ. ಬೀಟಲ್ ಮೆಟ್ರಿಕ್, ಫಿಯೆಟ್ ಮೆಟ್ರಿಕ್, ಮೈನರ್ ಹಳೇ ಬ್ರಿಟಿಷ್ ಬೋಲ್ಟ್ ಅಳತೆಯಾದ ವಿಟ್‌ವರ್ತ್. ಎರಡು ಸೆಟ್ ಬೇಕು, ಬೆರೆತರೆ ಗೋವಿಂದ.

ಸೈಡ್‌ವಾಲ್ವ್
ಮೈನರ್ 1000 ವಿಟ್‌ವರ್ತ್ ಅಲ್ಲ, ಬಹುಪಾಲು ಯುಎನ್‌ಎಫ್ (ಇಂಚಿನ ಯುಎನ್ ಅಳತೆಯಲ್ಲಿ ಸಣ್ಣ ಸುತ್ತಿನ ಬಗೆ). ಅಂದರೆ ಎಎಫ್ ಅಳತೆಯ (ನಟ್ಟಿನ ಎದುರುಬದುರು ಮುಖದ ನಡುವಿನ ಇಂಚು) ಪಾನಾ. ಲೂಕಾಸ್ ವಿದ್ಯುತ್ ಭಾಗಗಳ ಸಣ್ಣ ಸ್ಕ್ರೂಗಳು ಮಾತ್ರ ಬಿಎ ಅನ್ನೋ ಬ್ರಿಟಿಷ್ ಅಳತೆಯ ಮರೆ (ಸ್ಕ್ರೂ ಮೇಲಿನ ಸುರುಳಿ ಗೆರೆ). ವಿಟ್‌ವರ್ತ್ ಮರೆಯ ಕೋನ 55 ಡಿಗ್ರಿ, ಯುಎನ್ ಮತ್ತು ಮೆಟ್ರಿಕ್ ಎರಡೂ 60. ಅರ್ಧ ಇಂಚಿನ ವಿಟ್‌ವರ್ತ್‌ಗೆ ಇಂಚಿಗೆ 12 ಸುತ್ತು, ಯುಎನ್‌ಸಿಗೆ (ಯುಎನ್‌ನ ದೊಡ್ಡ ಸುತ್ತಿನ ಬಗೆ) 13. ಎರಡು ಸುತ್ತು ಕೈಯಲ್ಲೇ ಹತ್ತುತ್ತೆ, ಮೂರನೆಯದರಲ್ಲಿ ಮರೆ ಕೊಚ್ಚಿಹೋಗುತ್ತೆ. ಆದರೆ ಕಾಲು ಇಂಚಿನಲ್ಲಿ ಎರಡಕ್ಕೂ 20, ಅಲ್ಲಿ ಸಲೀಸಾಗಿ ಕೂತುಬಿಡುತ್ತೆ, ಅದೇ ಮೋಸ.

ಪಾನಾ ಕಡೆಗೂ ಅಷ್ಟೇ. ಅರ್ಧ ಇಂಚು ಎಎಫ್ ಅಂದರೆ 12.7 ಮಿ.ಮೀ. 13ರ ಪಾನಾ ಹಿಡಿಯುತ್ತೆ, ಸಡಿಲ ನಟ್ಟಿಗೆ ನಡೆಯುತ್ತೆ. ಐವತ್ತು ವರ್ಷದ ತುಕ್ಕು ಹಿಡಿದ ನಟ್ಟಿಗೆ ಹಾಕಿದರೆ ಮೂಲೆ ಸವೆದು ಉಂಡೆ.

ಪಾನಾಪೆಟ್ಟಿಗೆ
ಒಪ್ಪಿದೆ, ತಪ್ಪಾಯ್ತು. ಹಾಗಾದರೆ ಎಂಜಿ ಟಿಡಿ ಅನ್ನೋ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಏನು?

ಸೈಡ್‌ವಾಲ್ವ್
ಅದು ಬೇರೆಯೇ ರಾಮಾಯಣ. ಅದರ ಎಕ್ಸ್‌ಪಿಎಜಿ ಎಂಜಿನ್‌ನಲ್ಲಿ ಮರೆ ಮೆಟ್ರಿಕ್, ಬೋಲ್ಟಿನ ತಲೆ ವಿಟ್‌ವರ್ತ್ ಅಳತೆ. ಹೊರಗಿಂದ ಬೋಲ್ಟ್ ತಂದು ಹಾಕೋ ಮುಂಚೆ ಮರೆ ಗೇಜ್ ಹಿಡಿದು ನೋಡದಿದ್ದರೆ ಬ್ಲಾಕೇ ಹಾಳು.

ಡಿಕ್ಕಿಯೊಳಗೆ
ನನ್ನ ಪ್ರಕಾರ ಸಂಖ್ಯೆ ಮುಖ್ಯ ಅಲ್ಲ, ಕಾರುಗಳ ನಡುವೆ ನೆಂಟಸ್ತಿಕೆ ಇದೆಯಾ ಅನ್ನೋದು ಮುಖ್ಯ. 1962ರವರೆಗಿನ ಮೈನರ್ 1000, ಆಸ್ಟಿನ್ ಎ35, ಮೊದಲ ಸ್ಪ್ರೈಟ್, ಮೂರರಲ್ಲೂ ಇರೋದು 948 ಸಿಸಿ ಎ-ಸೀರೀಸ್ ಎಂಜಿನ್. ಒಂದು ಮ್ಯಾನ್ಯುವಲ್ ಓದಿದರೆ ಮೂರಕ್ಕೂ ಮುಕ್ಕಾಲು ಪಾಲು ಎಂಜಿನ್ ಕೆಲಸ ಗೊತ್ತಾಗುತ್ತೆ, ಒಂದೇ ಪಾನಾ ಸೆಟ್, ಗ್ಯಾಸ್ಕೆಟ್ ಕಪಾಟಿನಲ್ಲಿ ಒಂದೇ ಅರೆ. ಅಂಥ ಮೂರು ಕಾರು ಅಂದರೆ ಒಂದೂವರೆ ಕಾರಿನ ತಲೆನೋವು. ಗಾಳಿಯಿಂದ ತಣಿಯೋ ಹಿಂದಿನ ಎಂಜಿನ್ ಬೀಟಲ್, ಪಾಸಿಟಿವ್ ಅರ್ತ್ ಮೈನರ್, ಇಟಲಿಯ ಫಿಯೆಟ್, ಇದು ಮೂರಲ್ಲ, ನಾಲ್ಕು.

ಅರ್ಧಕ್ಲಚ್
ಪಾಸಿಟಿವ್ ಅರ್ತ್ ಅಂದರೆ? ಬ್ಯಾಟರಿ ಉಲ್ಟಾನಾ?

ಡಿಕ್ಕಿಯೊಳಗೆ
ಬ್ಯಾಟರಿಯ ಪ್ಲಸ್ ಬಾಡಿಗೆ, ಮೈನಸ್ ವೈರಿಂಗ್‌ಗೆ. ಅರವತ್ತರ ದಶಕದವರೆಗಿನ ಬಹಳಷ್ಟು ಬ್ರಿಟಿಷ್ ಕಾರು ಹೀಗೇ. ಅಪಾಯ ಎಲ್ಲಿ ಅಂದರೆ ಬೀಟಲ್‌ನಿಂದ ಜಂಪ್ ಕೇಬಲ್ ಎಳೆದು ಮೈನರ್ ಸ್ಟಾರ್ಟ್ ಮಾಡೋವಾಗ. ಕೇಬಲನ್ನ ಟರ್ಮಿನಲ್‌ಗೇ ಕೊಡಬೇಕು, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. "ಎರಡೂ ಬಾಡಿ ಅರ್ತ್ ತಾನೇ" ಅಂತ ಬಾಡಿಗೆ ಬಾಡಿ ಕಚ್ಚಿಸಿದರೆ ನೇರ ಶಾರ್ಟ್. ಆ ಹೊತ್ತಲ್ಲಿ ಎರಡು ಕಾರಿನ ಬಂಪರ್ ತಾಗಿದರೂ ಕಿಡಿ. ಬಾನೆಟ್ ಅಡಿ ದೊಡ್ಡ ಅಕ್ಷರದಲ್ಲಿ ಬರೆದಂಟಿಸಿ. 1967ಕ್ಕಿಂತ ಹಳೇ ಬೀಟಲ್ ಆದರೆ ಅದು 6 ವೋಲ್ಟ್ ಇರಬಹುದು, ಆಗ ಜಂಪ್ ಕೇಬಲ್ ಮಾತೇ ಬೇಡ.

ಅರ್ಧಕ್ಲಚ್
ಸರಿ. ಮತ್ತೆ ವಿಷಯಕ್ಕೆ ಬರ್ತೀನಿ. ನಿಂತ ಕಾರು ಹಾಳಾಗುತ್ತೆ ಅಂತ ಎಲ್ಲರೂ ಹೇಳ್ತಾರೆ. ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಮುಗೀತಲ್ಲ? ಐದು ಕಾರಾದರೂ ಐವತ್ತು ನಿಮಿಷ.

ಟಾರ್ಕ್‌ರೆಂಚ್
ಅದರಷ್ಟು ಕೆಟ್ಟ ಅಭ್ಯಾಸ ಇನ್ನೊಂದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚೂಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತೆ, ಆವಿಯಾಗಿ ಹೋಗುತ್ತೆ ಅಷ್ಟೇ. ಎಂಜಿನ್ ಬಿಸಿಯಾಗೋ ಮುಂಚೆ ಆರಿಸಿದರೆ ಆ ಆವಿ ಸೈಲೆನ್ಸರ್ ಒಳಗೂ ಆಯಿಲ್ ಒಳಗೂ ನೀರಾಗಿ ಕೂರುತ್ತೆ. ಆಯಿಲ್ ಮುಚ್ಚಳ ತೆಗೆದು ನೋಡಿ, ಅಡಿಯಲ್ಲಿ ಮಜ್ಜಿಗೆ ಬಣ್ಣದ ಜಿಡ್ಡು ಕಾಣುತ್ತೆ. ಮೇಲಾಗಿ ಚೋಕ್ ಎಳೆದಿರ್ತೀರಿ, ಹೆಚ್ಚುವರಿ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತೆ. ಸೆಲ್ಫ್ ಎಳೆದ ಕರೆಂಟನ್ನ ಐಡಲಿಂಗ್‌ನಲ್ಲಿ ಡೈನಮೋ ವಾಪಸ್ ತುಂಬೋದೂ ಇಲ್ಲ.

ಸ್ಟಾರ್ಟ್ ಮಾಡೋದಾದರೆ ಅರ್ಧ ಗಂಟೆ ರಸ್ತೆ ಮೇಲೆ ಓಡಿಸಿ. ಗೇರ್‌ಬಾಕ್ಸ್, ಬ್ರೇಕ್, ಸೀಲ್ ಎಲ್ಲಕ್ಕೂ ಕೆಲಸ ಸಿಗಲಿ. ಓಡಿಸೋಕಾಗಲ್ಲ ಅಂದರೆ ಸ್ಟಾರ್ಟೇ ಮಾಡಬೇಡಿ, ಸರಿಯಾಗಿ ಮಲಗಿಸಿ.

ಹಳೇಗೇರು
ಸರಿಯಾಗಿ ಮಲಗಿಸೋದು ಅಂದರೆ?

ಟಾರ್ಕ್‌ರೆಂಚ್
ಹಳೇ ಆಯಿಲ್‌ನಲ್ಲಿ ಆಮ್ಲ ಇರುತ್ತೆ, ಬೇರಿಂಗ್ ತಿನ್ನುತ್ತೆ. ಆದ್ದರಿಂದ ಮಲಗಿಸೋ ಮುಂಚೆಯೇ ಹೊಸ ಆಯಿಲ್ ಹಾಕಿ, ಎಬ್ಬಿಸಿದಮೇಲೆ ಅಲ್ಲ. ಎಥೆನಾಲ್ ಬೆರೆತ ಪೆಟ್ರೋಲ್ ಆದರೆ ಕಾರ್ಬುರೇಟರ್ ಬಟ್ಟಲು ಖಾಲಿ ಮಾಡಿ. ಎಥೆನಾಲ್ ನೀರು ಹೀರುತ್ತೆ, ಮಿತಿ ಮೀರಿದಾಗ ಎರಡೂ ಒಟ್ಟಿಗೆ ಪೆಟ್ರೋಲ್‌ನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತೆ, ತುಕ್ಕು ಅಲ್ಲಿಂದ ಶುರು. ಹಳೇ ರಬ್ಬರ್ ಪೈಪನ್ನೂ ಅದು ಮೆತ್ತಗೆ ಮಾಡುತ್ತೆ. ಬೀಟಲ್‌ನಲ್ಲಿ ಪೈಪ್ ಬಿರಿದರೆ ಪೆಟ್ರೋಲ್ ನೇರ ಬಿಸಿ ಎಂಜಿನ್ ಮೇಲೆ ಬೀಳುತ್ತೆ, ಬೆಂಕಿಗೆ ಅಷ್ಟು ಸಾಕು.

ಬ್ಯಾಟರಿ ಬಿಚ್ಚಿ ಬೇರೆ ಇಡಿ. ತುಂಬಿದ ಬ್ಯಾಟರಿ 12.6 ವೋಲ್ಟ್ ಮೇಲಿರಬೇಕು. 12.4ಕ್ಕೆ ಇಳಿದರೆ ಚಾರ್ಜಿಗೆ ಹಾಕಿ, ಇನ್ನೂ ಕೆಳಗೆ ಬಹಳ ದಿನ ಬಿಟ್ಟರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಮತ್ತೆ ಮೇಲೇಳಲ್ಲ. ಹ್ಯಾಂಡ್‌ಬ್ರೇಕ್ ಎಳೀಬೇಡಿ, ಲೈನರ್ ಡ್ರಮ್‌ಗೆ ಕಚ್ಚಿಕೊಳ್ಳುತ್ತೆ. ಚಕ್ರಕ್ಕೆ ಅಡ್ಡಗಟ್ಟೆ ಕೊಡಿ. ಸ್ಟ್ಯಾಂಡ್ ಮೇಲೆ ಎತ್ತಿಡೋದಾದರೆ ಆಕ್ಸಲ್ ಅಡಿ ಇಡಿ. ಬರೀ ಜಾಕಿ ಮೇಲೆ ಬೇಡ, ಟೊಳ್ಳು ಇಟ್ಟಿಗೆ ಮೇಲಂತೂ ಬೇಡವೇ ಬೇಡ.

ಸೈಡ್‌ವಾಲ್ವ್
ಬ್ರೇಕ್ ಬಗ್ಗೆ ಒಂದು ಸೇರಿಸ್ತೀನಿ. ಡಾಟ್ 3, ಡಾಟ್ 4 ಗ್ಲೈಕಾಲ್ ದ್ರವ, ಗಾಳಿಯ ತೇವ ಹೀರುತ್ತೆ. ನಿಂತ ಕಾರಿನ ವೀಲ್ ಸಿಲಿಂಡರ್ ಒಳಗೆ ಗುಳಿ ಬೀಳೋದು ಹೀಗೇ. ಅದಕ್ಕೇ ಕೆಲವರು ಸಿಲಿಕೋನ್‌ನ ಡಾಟ್ 5 ಹಾಕ್ತಾರೆ. ಹಾಕೋದಾದರೆ ಎಲ್ಲ ಸೀಲ್ ಬದಲಿಸಿ, ಪೈಪ್ ಪೂರ್ತಿ ಖಾಲಿ ಮಾಡಿ ಹಾಕಿ, ಎರಡೂ ಬೆರೆಯಲ್ಲ. ಡಾಟ್ 5.1 ಅನ್ನೋದು ಮತ್ತೆ ಗ್ಲೈಕಾಲೇ. ಮೂರು ಕಾರಿನವರು ಒಂದೇ ಕಪಾಟಲ್ಲಿ ಎರಡು ಬಗೆಯ ಡಬ್ಬಿ ಇಟ್ಟರೆ ಒಂದಲ್ಲ ಒಂದು ದಿನ ಕೈ ತಪ್ಪುತ್ತೆ.

ಮೈನರ್ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯ ಚಾಸಿ ಲೆಗ್ (ಬಾಡಿಗೆ ಬೆಸೆದ ಉದ್ದ ತೊಲೆ) ಒಳಗಿದೆ, ಅದರ ಬೋಲ್ಟ್ ಹೊರಬರೋಕೆ ಮುಂದಿನ ಸಸ್ಪೆನ್ಷನ್‌ನ ಟಾರ್ಶನ್ ಬಾರ್ ಅಡ್ಡ. ಬಾಡಿ ಖಾಲಿ ಇರುವಾಗಲೇ ಹೊಸದು ಹಾಕಿಬಿಡಿ, ಆಮೇಲೆ ಮಾಡಿದರೆ ಒಂದು ಭಾನುವಾರ ಪೂರ್ತಿ ಅದಕ್ಕೇ.

ಚೋಕ್‌ಎಳೆದವ
ಬಿಡಿಭಾಗಕ್ಕೆ ಅಂತ ತಂದ ಕಾರು ಲೆಕ್ಕಕ್ಕೆ ಬರುತ್ತಾ?

ಡಿಕ್ಕಿಯೊಳಗೆ
ಬರಲ್ಲ.

ತುಕ್ಕುವೈದ್ಯ
ಬರುತ್ತೆ. ಆರು ವಾರದಲ್ಲಿ ಬೇಕಾದ್ದು ಬಿಚ್ಚಿ ಬಾಡಿ ಗುಜರಿಗೆ ಕಳಿಸಿದರೆ ಮಾತ್ರ ಬರಲ್ಲ. ಅದಾದಮೇಲೆ "ಪರವಾಗಿಲ್ಲ, ಇದನ್ನೂ ಎಬ್ಬಿಸಬಹುದು" ಅನ್ನಿಸೋಕೆ ಶುರುವಾಗುತ್ತೆ, ಅಲ್ಲಿಗೆ ಅದು ನಾಲ್ಕನೇ ಪ್ರಾಜೆಕ್ಟ್.

ಪಾನಾಪೆಟ್ಟಿಗೆ
ಬಿಚ್ಚಿದ ಸಾಮಾನಿನ ಚೀಲಗಳ ಬಗ್ಗೆ: ಪ್ಲಾಸ್ಟಿಕ್ ಚೀಲದ ಮೇಲೆ ಮಾರ್ಕರ್‌ನಲ್ಲಿ ಬರೆದರೆ ಆಯಿಲ್ ಕೈ ತಾಗಿ ಅಳಿಸುತ್ತೆ. ರಟ್ಟಿನ ಚೀಟಿ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಒಳಗೇ ಹಾಕಿ, ಪೆನ್ಸಿಲ್ ಗೀಚು ಆಯಿಲ್‌ಗೂ ಹೋಗಲ್ಲ. "ಮುಂದಿನ ಬೋಲ್ಟ್" ಅಂತ ಬರೆದರೆ ಎರಡು ವರ್ಷದ ಮೇಲೆ ಏನೂ ಅರ್ಥ ಆಗಲ್ಲ. "ಎಡ ಮುಂದಿನ ಮಡ್‌ಗಾರ್ಡ್, ಬಾಗಿಲ ಕಡೆ, 3 ಬೋಲ್ಟ್, ದೊಡ್ಡ ವಾಷರ್" ಅಂತ ಬರೀರಿ. ಕಾರಿಗೊಂದು ಬಣ್ಣದ ಚೀಟಿ. ಒಂದೇ ಕಾರು ಬಿಚ್ಚಿದ್ದರೆ ಉಳಿದ ಬೋಲ್ಟ್ ಯಾವುದರದ್ದು ಅನ್ನೋ ಪ್ರಶ್ನೆ ಇರಲ್ಲ, ಎಲ್ಲಿಯದು ಅನ್ನೋದಷ್ಟೇ.

ಹಳೇಗೇರು
ಎಲ್ಲ ಓದಿದೆ. ಜಾಗದ ಲೆಕ್ಕ ನಿಜಕ್ಕೂ ಕಣ್ಣು ತೆರೆಸಿತು. ಆದರೂ ಫಿಯೆಟ್ ಬಿಡೋಕೆ ಮನಸ್ಸಾಗ್ತಿಲ್ಲ. ಮೈನರ್ ಸಿಲ್ ಮುಗಿಯೋವರೆಗೆ, ಒಂದಾರು ತಿಂಗಳು ಅಲ್ಲೇ ಇರಲಿ ಅಂತ ಕೇಳಿದರೆ ಮಾಲೀಕರು ಹೂಂ ಅಂದಿದ್ದಾರೆ. ತಗೊಳ್ಳೋ ಮುಂಚೆ ಎಂಜಿನ್ ಎಷ್ಟು ಜಾಮ್ ಅಂತ ಅಲ್ಲೇ ತಿಳಿಯೋದು ಹೇಗೆ?

ಸೈಡ್‌ವಾಲ್ವ್
ಸೆಲ್ಫ್ ಮುಟ್ಟಲೇಬೇಡಿ, ತಳ್ಳಿ ಗೇರಿಗೆ ಹಾಕೋದೂ ಬೇಡ. ನಾಲ್ಕೂ ಪ್ಲಗ್ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿ. ಆಯಿಲ್ ಮಿಂಚು ಕಂಡರೆ ಆಸೆ ಇದೆ, ಕೆಂಪು ಹುಡಿ ಕಂಡರೆ ನೀರು ಹೋಗಿದೆ. ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಮತ್ತು ಅಸಿಟೋನ್ ಸಮಪಾಲು ಬೆರೆಸಿ ಪ್ರತಿ ಸಿಲಿಂಡರ್‌ಗೆ 40-50 ಮಿ.ಲೀ. ಹಾಕಿ. ಬಯಲಲ್ಲಿ ಮಾಡಿ, ಬೆಂಕಿ ಹತ್ತಿರ ಬೇಡ, ಬಣ್ಣದ ಮೇಲೆ ಚೆಲ್ಲಬೇಡಿ. ಒಂದು ವಾರ ನೆನೆಯಲಿ, ನಡುವೆ ಒಂದೆರಡು ಸಲ ಮತ್ತೆ ಹಾಕಿ. ಎಲ್ಲೋ ಒಂದು ಸಿಲಿಂಡರ್‌ನಲ್ಲಿ ಮಾತ್ರ ಮಟ್ಟ ಇಳಿಯದೇ ನಿಂತಿದ್ದರೆ ರಿಂಗ್ ಕಚ್ಚಿರೋದು ಬಹುಶಃ ಅಲ್ಲೇ.

ಆಮೇಲೆ ಕ್ರ್ಯಾಂಕ್ ಪುಲ್ಲಿ ನಟ್ಟಿಗೆ ಉದ್ದ ಹಿಡಿಯ ಪಾನಾ ಹಾಕಿ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಾಡಿಸಿ. ಒಂದಿಷ್ಟು ಅಲುಗಿದರೆ ಅಲ್ಲೇ ನಿಲ್ಲಿ, ರಾಕರ್ ಶಾಫ್ಟ್ ತೆಗೆದು ವಾಲ್ವ್ ಎಲ್ಲ ಮೇಲಕ್ಕೆ ಬಂದಿವೆಯಾ ನೋಡಿ. ವಾಲ್ವ್ ಗೈಡ್‌ನಲ್ಲಿ ಕಚ್ಚಿದ್ದರೆ ಪೂರ್ತಿ ತಿರುಗಿಸಿದಾಗ ಪುಷ್‌ರಾಡ್ ಬಾಗುತ್ತೆ, ಇಲ್ಲವೇ ಪಿಸ್ಟನ್‌ಗೆ ತಾಗುತ್ತೆ. ಅಲುಗದೇ ಇದ್ದರೆ ಬಲ ಹೆಚ್ಚಿಸಬೇಡಿ, ನೆನೆಯೋ ದಿನ ಹೆಚ್ಚಿಸಿ.

ತಿರುಗಿದರೂ ಬೋರ್ (ಸಿಲಿಂಡರ್ ಒಳಗೋಡೆ) ಗುಳಿ ಬಿದ್ದಿದ್ದರೆ ರೀಬೋರ್, ಅಂದರೆ ಅದನ್ನ ಕೊರೆದು ಅಗಲ ಮಾಡೋದು, ತಪ್ಪಲ್ಲ. ಆ 1089 ಸಿಸಿ ಎಂಜಿನ್‌ಗೆ ಓವರ್‌ಸೈಜ್ ಪಿಸ್ಟನ್-ರಿಂಗ್ ಕೈಗೆ ಸಿಗುತ್ತಾ ಅಂತ ಕಾರು ತರೋ ಮುಂಚೆ ವಿಚಾರಿಸಿ, ತಂದಮೇಲೆ ಅಲ್ಲ.

ಅರ್ಧಕ್ಲಚ್
ಕ್ಲಚ್ ಪ್ಲೇಟೂ ನೋಡಿ. ಬಹಳ ದಿನ ನಿಂತ ಕಾರಲ್ಲಿ ಫ್ಲೈವೀಲ್‌ಗೆ ತುಕ್ಕು ಹಿಡಿದು ಅಂಟಿರುತ್ತೆ, ಪೆಡಲ್ ಒತ್ತಿದರೂ ಬಿಡಲ್ಲ. ಎಂಜಿನ್ ಜಾಮ್ ಅಂತ ಹೇಳೋ ಕಾರು ಕೆಲವು ಸಲ ಬರೀ ಗೇರಲ್ಲಿ ನಿಂತಿರುತ್ತೆ. ಮೊದಲು ನ್ಯೂಟ್ರಲ್ ಆಗಿದೆಯಾ ಖಾತ್ರಿ ಮಾಡ್ಕೊಳ್ಳಿ ಮಾರಾಯ್ರೆ.

ತುಕ್ಕುವೈದ್ಯ
ಬಾಡಿ "ಮೇಲ್ನೋಟಕ್ಕೆ ಪರವಾಗಿಲ್ಲ" ಅಂದ್ರಲ್ಲ, ಒಂದು ಸಣ್ಣ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಕೊಂಡೊಯ್ಯಿರಿ. ಸಿಲ್, ಚಕ್ರದ ಕಮಾನಿನ ಅಂಚು, ಮುಂದಿನ ಗಾಜಿನ ಕೆಳಮೂಲೆ, ಜಾಕಿ ಕೊಡೋ ಜಾಗ, ಡಿಕ್ಕಿಯ ತಳ. ಅಯಸ್ಕಾಂತ ಕಚ್ಚದ ಕಡೆ ಪುಟ್ಟಿ ಮೆತ್ತಿದ್ದಾರೆ. ಒಳಗೆ ರಬ್ಬರ್ ಮ್ಯಾಟ್ ಎತ್ತಿ ನೋಡೋದು ಮರೀಬೇಡಿ.

ಟಾರ್ಕ್‌ರೆಂಚ್
ಆರು ತಿಂಗಳು ಅಲ್ಲೇ ಇರೋದಾದರೆ ಎಟಿಎಫ್ ಹಾಕಿದಮೇಲೆ ಪ್ಲಗ್ ಕೈಯಲ್ಲೇ ಬಿಗಿ ಮಾಡಿ ಬನ್ನಿ. ಕಾರ್ಬುರೇಟರ್ ಬಾಯಿಗೂ ಸೈಲೆನ್ಸರ್ ಕೊನೆಗೂ ಸ್ಟೀಲ್ ವೂಲ್ ತುರುಕಿ, ಇಲಿ ಹೋಗಲ್ಲ. ತುರುಕಿದ್ದೇನೆ ಅಂತ ಸ್ಟೀರಿಂಗ್‌ಗೆ ಒಂದು ಕೆಂಪು ಬಟ್ಟೆ ಕಟ್ಟಿ, ಇಲ್ಲದಿದ್ದರೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ಅದು ಎಂಜಿನ್ ಒಳಗೇ ಹೋಗುತ್ತೆ.

ಹಳೇಗೇರು
ಸರಿ. ಈ ಶನಿವಾರ ಅಯಸ್ಕಾಂತ, ಟಾರ್ಚ್, ಪ್ಲಗ್ ಪಾನಾ ಹಿಡಿದು ಹೋಗೋದು. ಎಪಾಕ್ಸಿ ಪ್ರೈಮರ್ ನಾಳೆಯೇ ತರ್ತೀನಿ.

ತುಕ್ಕುವೈದ್ಯ
ಈಗಿರೋ ಬೂದು ಪ್ರೈಮರ್ ಮೇಲೇ ಎಪಾಕ್ಸಿ ಹೊಡೀಬೇಡಿ, ಒಳಗಿನ ತೇವಾನೂ ಸೇರಿಸಿ ಮುಚ್ಚಿದಂಗಾಗುತ್ತೆ. ಕೆರೆದು, ಒರೆಸಿ, ಬರಿ ಲೋಹಕ್ಕೆ.

ಪಾನಾಪೆಟ್ಟಿಗೆ
ಫಿಯೆಟ್ ಕೀ ಇದೆಯಾ ಅಂತ ಕೇಳಿದ್ರಾ?

ಹಳೇಗೇರು
ಇಲ್ಲ.